ಡ್ರೈವರ್ ಇಳಿಯುವ ಹೊತ್ತಿನ ಹಾಡು

ಮಾರ್ಚ್ ೩, ಸೋಮವಾರ

ಇವತ್ತೂ ನಾಯಿಯೇ ನನ್ನನ್ನು ಸುತ್ತಾಡಿಸಿಕೊಂಡು ಬಂತು. ಬೆಲ್ಟು ನನ್ನ ಕೈಯಲ್ಲಿ, ದಾರಿ ಅದರದು. ಪಾರ್ಕಿನ ಬೇಲಿಯವರೆಗೆ ಎಳೆಯಿತು, ಕಸದ ಡಬ್ಬದವರೆಗೆ ಎಳೆಯಿತು, ಅಲ್ಲಿಂದ ಮನೆಗೆ ನಾನು ಎಳೆದೆ. ಬಲಭುಜ ಜುಮ್ ಅನ್ನುತ್ತಿದೆ. ಕೂಲಿಗೆ ಹೊಲಿಯುವ ಪರದೆಗಳಲ್ಲಿ ಒಂದು ಜೊತೆಯ ಅಂಚು ಮುಗಿಸುವುದರೊಳಗೆ ಸಾಕಾಯಿತು.

ನಾಯಿ ನನ್ನದಲ್ಲ, ನಾದಿನಿಯದು. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಮಂಡಿ ನೋವೆಂದು ಕೆಲಸ ಬಿಟ್ಟ ವಾರವೇ ಮರಿ ತಂದಳು. “ಕಂಡಕ್ಟರ್ ಇದ್ದ ಮೇಲೆ ಡ್ರೈವರ್ ಬೇಡ್ವಾ ಅತ್ತಿಗೆ?” ಎಂದು ಅದೇ ಹೆಸರಿಟ್ಟಳು. ಆಗ ಅಂಗೈಯಗಲ ಇತ್ತು. ಈಗ ಕರುವಿನಷ್ಟಾಗಿದೆ. ನಮ್ಮ ಯಜಮಾನರು ಹೋದ ಮೇಲೆ ಈ ನಾಲ್ಕನೇ ಮಹಡಿಯಲ್ಲಿ ನಾನು, ನಾದಿನಿ, ಡ್ರೈವರ್. ಕಳೆದ ವಾರ ನಾದಿನಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಪ್ಲಾಸ್ಟರ್ ಬಿಚ್ಚುವವರೆಗೆ ನಾಯಿ ನನ್ನ ಪಾಲು.

ದೇವರು ಕೊಟ್ಟ ಕೆಲಸ. ಬೇಡ ಅನ್ನಲು ನಾನ್ಯಾರು. ಆದರೂ ಭುಜ ಸ್ವಲ್ಪ ಗಟ್ಟಿ ಕೊಟ್ಟಿದ್ದರೆ…

ಮಾರ್ಚ್ ೪, ಮಂಗಳವಾರ

ಎಳೆದಾಟ. ಬೆಲ್ಟನ್ನು ಮುಂಗೈಗೆ ಸುತ್ತಿಕೊಂಡಿದ್ದೆ, ಬಳೆ ಒಡೆಯಿತು. ಕುರ್ಚಿಯಲ್ಲಿ ಕೂತ ನಾದಿನಿ ಬೈದಳು.

“ಕೈಗೆ ಸುತ್ಕೋಬೇಡಿ ಅಂತ ಎಷ್ಟು ಸಲ ಹೇಳ್ಲಿ? ಅದು ಓಡಿದ್ರೆ ನೀವೂ ಹಿಂದೆ ಜಾರಬಂಡಿ ಆಡ್ತೀರ.”

“ಸುತ್ಕೊಳ್ಳದಿದ್ರೆ ಜಾರಿ ಹೋಗುತ್ತಲ್ಲಮ್ಮ.”

“ಹಿಡಿಕೆ ಬಲಗೈಲಿ, ಎಡಗೈ ಮಧ್ಯದಲ್ಲಿ. ಎರಡೂ ಕೈ. ನನ್ನ ಬಸ್ಸಲ್ಲಿ ಮುದುಕಮ್ಮಂದಿರು ಕಂಬ ಹಿಡೀತಿದ್ರಲ್ಲ, ಹಾಗೆ.”

ಮುದುಕಮ್ಮ ಅಂತೆ. ಅವಳಿಗಿಂತ ಎರಡೇ ವರ್ಷ ದೊಡ್ಡವಳು ನಾನು.

ಮಾರ್ಚ್ ೬, ಗುರುವಾರ. ಮಧ್ಯಾಹ್ನ

ತಪ್ಪು ನಡೆದುಹೋಯಿತು. ಬರೆಯಲು ನಾಚಿಕೆ.

ಎರಡೂ ಕೈಯಲ್ಲಿ ಹಿಡಿದೇ ಹೋಗಿದ್ದೆ. ಡ್ರೈವರ್ ಕೂಡ ಇವತ್ತು ಮರ್ಯಾದೆಯಿಂದ ಪಕ್ಕದಲ್ಲೇ ನಡೆಯುತ್ತಿತ್ತು. ಮೂಲೆ ತಿರುಗಿದರೆ ಎರಡು ಕಟ್ಟಡದ ಮಧ್ಯೆ ಸೂರ್ಯ, ಆಗತಾನೆ ತೊಳೆದಿಟ್ಟ ತಟ್ಟೆಯ ಹಾಗೆ. ಹುಟ್ಟಿದಾಗಿನಿಂದ ಬಂದ ಅಭ್ಯಾಸ… ಕಣ್ಣು ಮುಚ್ಚಿ ಕೈ ಮುಗಿದೆ. ಎರಡೂ ಕೈ.

ಕಣ್ಣು ಬಿಟ್ಟಾಗ ಬೆಲ್ಟು ನೆಲದಲ್ಲಿ ಹರಿದಾಡಿಕೊಂಡು ಓಡುತ್ತಿತ್ತು. ಎದುರಿಗೆ ಮೂರನೇ ಮಹಡಿಯ ಪಿಟೀಲು ಮೇಷ್ಟ್ರು, ಬ್ರೆಡ್ಡಿನ ಚೀಲ ಹಿಡಿದು. ಡ್ರೈವರನಿಗೆ ಬೇಕಾಗಿದ್ದು ಬ್ರೆಡ್ಡು. ಮೇಷ್ಟ್ರಿಗೆ ಅದು ಹೇಗೆ ಗೊತ್ತಾಗಬೇಕು? ಎದೆಗೆ ಕಾಲಿಟ್ಟಿತು, ಅವರು ಹಿಂದಕ್ಕೆ ಬಿದ್ದರು. ಕಚ್ಚಲಿಲ್ಲ. ಆದರೆ ಕೈ ಊರಿ ಬಿದ್ದು ಮಣಿಕಟ್ಟು ಉಳುಕಿದೆ. ಕಮಾನು ಹಿಡಿಯುವ ಕೈ.

ದೇವರಿಗೆ ಮುಗಿದ ಕೈಯಿಂದಲೇ ಇದಾಯಿತಲ್ಲ. ಬೆಳಿಗ್ಗೆಯಿಂದ ಅವನ ಪಟದ ಮುಂದೆ ಕೂತಿದ್ದೆ. ನಾನು ಕಣ್ಣು ಮುಚ್ಚು ಅಂದಿದ್ದೆನಾ ಎಂದು ಅವನೂ ಕೇಳಿದ ಹಾಗಾಯಿತು. ಇಲ್ಲ. ಅಂದಿರಲಿಲ್ಲ.

ಮಾರ್ಚ್ ೭, ಶುಕ್ರವಾರ

ಕಟ್ಟಡದ ಸೆಕ್ರೆಟರಿ ಬಂದಿದ್ದರು. ಕೆಳಗಿನ ಔಷಧದಂಗಡಿಯವರು, ಒಳ್ಳೆಯ ಮನುಷ್ಯ, ಆದರೆ ಮಾತ್ರೆ ಎಣಿಸಿ ಕೊಟ್ಟ ಹಾಗೆ ಮಾತು. ಈ ತಿಂಗಳ ಕೊನೆಗೆ ಎಲ್ಲರ ಮೀಟಿಂಗ್. ಬಿದ್ದವರು ಮೇಷ್ಟ್ರು, ಆದ್ದರಿಂದ ತೀರ್ಮಾನವೂ ಅವರದೇ. ಅವರು ಬೇಡ ಅಂದರೆ ನಾಯಿ ಈ ಕಟ್ಟಡ ಬಿಡಬೇಕು.

ನಾದಿನಿ ಮುಖ ಗೋಡೆಯ ಕಡೆ ಮಾಡಿಕೊಂಡು ಹೇಳಿದಳು, “ಡ್ರೈವರ್ ಇಳಿದ್ರೆ ನಾನೂ ಇಳೀತೀನಿ ಅತ್ತಿಗೆ. ತಮ್ಮನ ಊರಿಗೆ ಹೋಗ್ತೀನಿ.”

“ಹೋಗು, ಯಾರು ಬೇಡ ಅಂದ್ರು” ಎಂದೆ.

ಅಂದುಬಿಟ್ಟೆ. ಆಮೇಲೆ ಅಡುಗೆಮನೆಯಲ್ಲಿ ಸುಮ್ಮನೆ ಪಾತ್ರೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಅವಳು ಹೋದರೆ ನಾನು ಯಾರ ಜೊತೆ ಜಗಳ ಆಡಲಿ?

ಮಾರ್ಚ್ ೮, ಶನಿವಾರ

ಕ್ಷಮೆ ಕೇಳಲು ಮೇಷ್ಟ್ರ ಮನೆಗೆ ಹೋದೆ. ಸರಪಳಿ ತೆಗೆಯದೆ ಬಾಗಿಲು ಅರ್ಧ ತೆರೆದರು. ನನ್ನ ಹಿಂದೆ ಇಣುಕಿ ನೋಡಿದರು.

“ಒಬ್ಬಳೇ ಬಂದಿದೀನಿ ಮೇಷ್ಟ್ರೇ.”

ಆಗ ತೆಗೆದರು. ಸಿಟ್ಟಿನ ಮನುಷ್ಯ ಅಂದುಕೊಂಡಿದ್ದೆ. ಸಿಟ್ಟಲ್ಲ, ಭಯ. “ನೋಡಿಮ್ಮ, ಕಚ್ಚಲಿಲ್ಲ ಅಂತ ನಂಗೂ ಗೊತ್ತು. ಚಿಕ್ಕವನಿದ್ದಾಗಿಂದ ಹೀಗೇ, ನಾಯಿ ಕಂಡ್ರೆ ಕಾಲೇ ಬರಲ್ಲ. ರಸ್ತೇಲಿ ದೂರದಿಂದ ಕಾಣುತ್ತೆ, ಆ ಕಡೆ ದಾಟ್ತೀನಿ. ಈ ಮೆಟ್ಟಿಲಿನ ತಿರುವಲ್ಲಿ ಏನ್ ಮಾಡ್ಲಿ? ಯಾವಾಗ ಎದುರಾಗುತ್ತೋ ಅಂತ ಕಸ ಹಾಕೋಕೂ ಇಳಿದಿಲ್ಲ ನಾನು.”

ಬಾಗಿಲ ಮೂಲೆಯಲ್ಲಿ ಕಸದ ಚೀಲಗಳು ಕಟ್ಟಿಟ್ಟ ಹಾಗೇ ಇದ್ದವು. ಎಲ್ಲ ಎತ್ತಿಕೊಂಡು ಹೋಗಿ ಹಾಕಿ ಬಂದೆ.

ಮಾರ್ಚ್ ೧೨, ಬುಧವಾರ

ಪಾಠ ನಡೆಯುತ್ತಿದೆ. ನಾಯಿಗೋ ನನಗೋ ಗೊತ್ತಿಲ್ಲ. ಬೆಲ್ಟನ್ನು ನಾನೇ ಕತ್ತರಿಸಿ ಗಿಡ್ಡ ಮಾಡಿದೆ, ಹಿಡಿಕೆಗೆ ಪರದೆ ಬಟ್ಟೆಯ ಮೆತ್ತೆ ಹೊಲಿದೆ. ಅದು ಎಳೆದರೆ ನಾನು ನಿಂತುಬಿಡುವುದು. ಬೈಯುವುದಿಲ್ಲ, ಜಗ್ಗುವುದಿಲ್ಲ, ಮರದ ಹಾಗೆ ನಿಲ್ಲುವುದು. ತಿರುಗಿ ನನ್ನ ಮುಖ ನೋಡಿದರೆ ಬೇಯಿಸಿದ ಮೊಟ್ಟೆಯ ಚೂರು. ಮೊದಲ ದಿನ ಗೇಟಿನವರೆಗೆ ಹೋಗುವುದರೊಳಗೆ ಮೊಟ್ಟೆ ಖಾಲಿ. ನಾದಿನಿ ಬಾಲ್ಕನಿಯಿಂದ ನೋಡಿ, “ನಿಮ್ಮ ಬಸ್ಸು ಎಲ್ಲಾ ಸ್ಟಾಪಿಗೂ ನಿಲ್ಲುತ್ತಲ್ಲ ಅತ್ತಿಗೆ” ಎಂದು ನಕ್ಕಳು. ಆ ಶುಕ್ರವಾರದ ನಂತರ ಅವಳು ನಕ್ಕದ್ದು ಇದೇ ಮೊದಲು.

ಮೆಟ್ಟಿಲಿನ ತಿರುವಿಗೆ ಏನು ಮಾಡುವುದು? ಕೊರಳಿಗೆ ಗಂಟೆ ಕಟ್ಟಿದೆ. ದನಕ್ಕೆ ಕಟ್ಟುವುದಿಲ್ಲವೇ, ಸದ್ದು ಕೇಳಿ ಮೇಷ್ಟ್ರು ಒಳಗಿದ್ದಾರು ಎಂದು.

ಸಂಜೆ

ಗಂಟೆ ಬಿಚ್ಚಿ ಎಸೆದೆ. ಐಸ್‌ಕ್ರೀಮ್ ಗಾಡಿಯ ಗಂಟೆಯೂ ಹಾಗೇ ಇದೆಯಂತೆ. ಕಟ್ಟಡದ ಮಕ್ಕಳೆಲ್ಲ ಚಿಲ್ಲರೆ ಹಿಡಿದು ಮೆಟ್ಟಿಲ ಮೇಲೆ ಧಬಧಬ ಬಂದವು, ಸೀದಾ ಡ್ರೈವರನ ಮೂತಿಗೆ. ಅದನ್ನು ಗೋಡೆಗೆ ಒತ್ತಿ ಹಿಡಿದು, ನಾನು ಮಧ್ಯೆ ನಿಂತೆ. ಪುಣ್ಯ, ನೆಕ್ಕಿದ್ದೇ ಹೊರತು ಬೇರೇನೂ ಇಲ್ಲ. ಒಂದು ಮಗು ಐಸ್‌ಕ್ರೀಮ್ ಇಲ್ಲ ಎಂದು ಅತ್ತಿತು.

ಮಾರ್ಚ್ ೧೪, ಶುಕ್ರವಾರ

ಗಂಟೆ ಬೇಡ, ಗಂಟಲಿದೆ. ಹೇಗೂ ಬೆಳಿಗ್ಗೆ ಇಳಿಯುವ ಹೊತ್ತಿಗೆ ನಾನು ದೇವರ ಪದ ಗುನುಗುತ್ತೇನೆ. ಅದನ್ನೇ ಜೋರಾಗಿ ಹಾಡಿದರಾಯಿತು. ಅವ್ವ ಕಳೆ ಕೀಳುತ್ತ ಕಲಿಸಿದ ಪದ. ಹೊಲದ ಆ ತುದಿಗೆ ಕೇಳಬೇಕು ಎಂದೇ ಕಲಿಸಿದ್ದಳು. ಬಾಗಿಲು ತೆಗೆದ ಕೂಡಲೇ ಪಲ್ಲವಿ, ಪ್ರತಿ ತಿರುವಿನಲ್ಲಿ ನಾಯಿಯನ್ನು ಕೂರಿಸಿ ಒಂದು ಚರಣ, ಆಮೇಲೆ ಇಳಿಯುವುದು. ಕಣ್ಣು ತೆರೆದೇ. ಕೈ ಬೆಲ್ಟಿನ ಮೇಲೇ.

ಮೇಷ್ಟ್ರಿಗೆ ಹೋಗಿ ಹೇಳಿದೆ. ಹಾಡು ಕೇಳಿದರೆ ಒಳಗಿರಿ, ನಿಂತ ಮೇಲೆ ಬನ್ನಿ ಎಂದು. ತಲೆಯಾಡಿಸಿದರು.

ಮಾರ್ಚ್ ೧೯, ಬುಧವಾರ

ಎಲ್ಲರಿಗೂ ಅಭ್ಯಾಸವಾಗಿದೆ. ಹಾಡು ಶುರುವಾದರೆ ಎರಡನೇ ಮಹಡಿಯ ಬಾಣಂತಿ ಮಗುವನ್ನು ಎತ್ತಿಕೊಳ್ಳುತ್ತಾಳೆ. ಸೆಕ್ರೆಟರಿ ಸೈಕಲ್ ಪಕ್ಕಕ್ಕೆ ಸರಿಸುತ್ತಾರೆ. ರಸ್ತೆಯಲ್ಲಿ ಬೇರೆ ನಾಯಿ ಕಂಡರೆ ನಾನು ಆ ಬದಿ ದಾಟುತ್ತೇನೆ, ಡ್ರೈವರ್ ಮೊಟ್ಟೆಯ ಆಸೆಗೆ ನನ್ನ ಮುಖವನ್ನೇ ನೋಡುತ್ತ ಬರುತ್ತದೆ. ಭುಜನೋವು ಹೋಗಿದೆ.

ಮೇಷ್ಟ್ರ ಮನೆಯಿಂದ ಇವತ್ತು ಪಿಟೀಲು ಕೇಳಿತು. ಕೈ ವಾಸಿಯಾದಂತಿದೆ. ದೇವರು ದೊಡ್ಡವನು.

ಮಾರ್ಚ್ ೨೨, ಶನಿವಾರ

ಏನಾಯಿತೆಂದರೆ, ಮೂರನೇ ಮಹಡಿಯ ತಿರುವಿನಲ್ಲಿ ಎರಡನೇ ಚರಣ ಎತ್ತಿದ್ದೆ. ಮುಚ್ಚಿದ ಬಾಗಿಲ ಹಿಂದಿನಿಂದ ಮೇಷ್ಟ್ರ ದನಿ.

“ಇಳಿಸಿಮ್ಮ.”

“ನಾಯೀನಾ? ಇಳಿಸ್ತಾ ಇದೀನಿ ಮೇಷ್ಟ್ರೇ.”

“ನಾಯಿ ಅಲ್ಲ, ಸ್ವರ. ಅಲ್ಲಿ ಸ್ವರ ಇಳೀಬೇಕು. ದಿನಾ ಅಲ್ಲೇ ತಪ್ತೀರಿ. ಒಂದು ವಾರದಿಂದ ನನಗೆ ತಿಂದದ್ದು ಅರಗ್ತಿಲ್ಲ.”

ಬಾಗಿಲೊಳಗಿನಿಂದಲೇ ಹಾಡಿ ತೋರಿಸಿದರು. ನಾನು ಹಾಡಿದೆ. ಅದಲ್ಲ ಎಂದರು. ಮತ್ತೆ ಹಾಡಿದೆ. ಡ್ರೈವರ್ ಬೇಸತ್ತು ನೆಲಕ್ಕೆ ಮಲಗಿತು.

ಮಾರ್ಚ್ ೨೬, ಬುಧವಾರ

ನಿನ್ನೆ ಸರಪಳಿಯ ಸಂದಿಯಿಂದ ಪಾಠ. ಇವತ್ತು ಬಾಗಿಲು ಪೂರ್ತಿ ತೆರೆದಿತ್ತು. ಮೇಷ್ಟ್ರು ಹೊಸ್ತಿಲ ಒಳಗೆ, ಪಿಟೀಲನ್ನು ಎದೆಗವಚಿಕೊಂಡು ಗುರಾಣಿಯ ಹಾಗೆ. ನಾನು ನಾಲ್ಕು ಮೆಟ್ಟಿಲು ಮೇಲೆ, ಡ್ರೈವರ್ ನನ್ನ ಕಾಲ ಹಿಂದೆ. ನಾನು ತಪ್ಪಿದಾಗ ಮೇಷ್ಟ್ರು ಮರೆತು ಒಂದು ಹೆಜ್ಜೆ ಹೊರಗೆ ಬಂದರು. ನಾಯಿಯನ್ನು ನೋಡಿದರು. ಹಿಂದೆ ಹೋಗಲಿಲ್ಲ. ಮುಂದೂ ಬರಲಿಲ್ಲ.

“ಅದು ಯಾಕೆ ಹಾಗೆ ನೋಡ್ತಿದೆ?”

“ನೀವು ಚೆನ್ನಾಗಿ ನುಡಿಸ್ತೀರಲ್ಲ, ಅದಕ್ಕೆ.”

“ಸುಳ್ಳು ಹೇಳ್ಬೇಡಿ.”

“ಸೆರಗಲ್ಲಿ ಮೊಟ್ಟೆ ಕಟ್ಕೊಂಡಿದೀನಿ ಮೇಷ್ಟ್ರೇ.”

ನಕ್ಕರು. ನಕ್ಕರೂ ಬೆವರಿದ್ದರು. ಸಾಕು ಎಂದು ನಾನೇ ಮೇಲೆ ಕರೆದುಕೊಂಡು ಬಂದೆ. ಒಬ್ಬರ ಭಯವನ್ನು ನಾವು ಎಳೆದಾಡಬಾರದು, ಅದಕ್ಕೂ ಬೆಲ್ಟು ಸಡಿಲ ಇರಬೇಕು.

ಮಾರ್ಚ್ ೩೦, ಭಾನುವಾರ

ನಾಳೆ ಮೀಟಿಂಗ್. ನಾದಿನಿ ಊಟ ಬಿಟ್ಟಿದ್ದಾಳೆ. ಮಂಚದ ಕೆಳಗಿನಿಂದ ಸೂಟ್‌ಕೇಸ್ ಎಳೆಸಿದಳು. ಧೂಳು ಒರೆಸಲು ಅಂದಳು. ಒರೆಸಿಕೊಟ್ಟೆ. ಮೇಷ್ಟ್ರ ಹತ್ತಿರ ಮೀಟಿಂಗಿನ ಮಾತು ಎತ್ತಲೇ ಇಲ್ಲ ನಾನು. ಹಾಡಿನ ನೆವದಲ್ಲಿ ಮನುಷ್ಯನನ್ನು ಕಟ್ಟಿಹಾಕಿದ ಹಾಗಾಗಬಾರದು.

ದೇವರೇ, ಬೇಡ ಅಂದರೆ ಅವರ ಮೇಲೆ ಕೋಪ ಬಾರದ ಹಾಗೆ ನೋಡಿಕೋ.

ಮಾರ್ಚ್ ೩೧, ಸೋಮವಾರ. ರಾತ್ರಿ ಊಟದ ಮೇಲೆ

ಸೆಕ್ರೆಟರಿ ಕೇಳಿದರು, “ಮೇಷ್ಟ್ರೇ, ನಾಯಿ ವಿಷಯ. ಏನಂತೀರಿ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು. ನನ್ನ ಕೈ ಸೆರಗಿನ ತುದಿ ತಿರುಚಿ ತಿರುಚಿ ಹಗ್ಗ ಮಾಡಿತ್ತು.

“ಭಯ ಹೋಗಿಲ್ಲ” ಎಂದರು. “ಹೋಗೋದೂ ಇಲ್ಲ ಅನ್ಸುತ್ತೆ. ಆದ್ರೆ ನಾಯಿ ಎಲ್ಲಿದೆ ಅಂತ ಈಗ ನಂಗೆ ಗೊತ್ತಿರುತ್ತೆ. ಇನ್ನು ಈಯಮ್ಮನ ಹಾಡು… ಎರಡನೇ ಚರಣ ಇನ್ನೂ ಕೂತಿಲ್ಲ. ಅರ್ಧಕ್ಕೆ ಬಿಡೋ ಶಿಷ್ಯರನ್ನ ನಾನು ಸೇರಿಸ್ಕೊಳ್ಳಲ್ಲ. ಬರ್ಕೊಳ್ಳಿ, ನಾಯಿ ಇರಲಿ.”

ಮೇಲೆ ಬಂದು ನಾದಿನಿಗೆ ಹೇಳಿದೆ. ಅವಳು ಸೂಟ್‌ಕೇಸನ್ನು ಸರಿಯಿರುವ ಕಾಲಿನಿಂದ ಮಂಚದ ಕೆಳಗೆ ತಳ್ಳಿದಳು. ಆಮೇಲೆ, “ಹಸಿವಾಗ್ತಿದೆ ಅತ್ತಿಗೆ, ಎಷ್ಟೊತ್ತು ಕೂರಿಸ್ತೀರ?” ಎಂದು ಜಗಳ ತೆಗೆದಳು. ಹೊಟ್ಟೆ ತುಂಬ ಬೈಸಿಕೊಂಡೆ.

ಏಪ್ರಿಲ್ ೧, ಮಂಗಳವಾರ. ಬೆಳಿಗ್ಗೆ

ನಿದ್ದೆ ಚೆನ್ನಾಗಿ ಬಂತು, ಏಳುವುದೇ ತಡವಾಯಿತು. ದೀಪ ಹಚ್ಚಿ ಇದನ್ನು ಬರೆಯುತ್ತ ಕೂತು ಇನ್ನೂ ತಡವಾಯಿತು. ಡ್ರೈವರ್ ಬಾಗಿಲ ಹತ್ತಿರ ಬಾಲ ಬಡಿಯುತ್ತಿದೆ. ಯಾರೋ ತಟ್ಟಿದರು. ಇಷ್ಟು ಹೊತ್ತಿಗೆ ಯಾರು… ನಾದಿನಿ ಕೂಗುತ್ತಿದ್ದಾಳೆ, ಮೇಷ್ಟ್ರಂತೆ, ನಾಲ್ಕನೇ ಮಹಡಿಗೆ, ಅವರೇ ಹತ್ತಿ ಬಂದಿದ್ದಾರಂತೆ, ಹೊತ್ತು ಮೀರಿದರೂ ಹಾಡು ಕೇಳಲಿಲ್ಲ, ಮೈಗೆ ಹುಷಾರಿದೆಯಾ ಎಂದು ಕೇಳಲು. ನಾಯಿ ಒಳಗಿದೆ, ಬಾಗಿಲು ತೆಗೆಯುವ ಮೊದಲು ಹಿಡಿದುಕೊಳ್ಳಬೇಕು. ಬಂದೆ ಮೇಷ್ಟ್ರೇ, ಒಂದು ನಿಮಿಷ, ಹಿಡ್ಕೊಂ—