ಹೋಗುವವರಿಗೆ ಟಿಕೆಟ್ ಇಲ್ಲ

೧೩ ಮಾರ್ಚ್ ೧೯೬೮, ಪೋರ್ಟ್ ಲೂಯಿಸ್

ರೊಸೆಮಾಳ ಮುಖ ಕಣ್ಣಮುಂದಿನಿಂದ ಹೋಗುತ್ತಿಲ್ಲ. ಮೊದಲು ಮಾರಿಷಸ್‌ಗೇ ಸೇರಿದ್ದ, ದೂರದ ಪೆರೋಸ್ ಬಾನ್ಯೋಸ್ ದ್ವೀಪದವಳು. ತಾಯಿಯನ್ನು ಇಲ್ಲಿನ ಆಸ್ಪತ್ರೆಗೆ ಕರೆತಂದಳು, ತಾಯಿ ಉಳಿಯಲಿಲ್ಲ. ಗಂಡ, ಇಬ್ಬರು ಹೆಣ್ಣುಮಕ್ಕಳು ದ್ವೀಪದಲ್ಲೇ ಇದ್ದಾರೆ. ನಾಲ್ಕು ತಿಂಗಳಿಂದ ನಮ್ಮ ಹಡಗು ಕಚೇರಿಗೆ ಅಲೆಯುತ್ತಿದ್ದಾಳೆ. ಪ್ರತಿಸಲವೂ ಮುಂದಿನ ತಿಂಗಳು ಎಂದು ಸಾಗಹಾಕುತ್ತಿದ್ದೆ.

ಇವತ್ತು ನಗುತ್ತಾ ಬಂದಳು. "ಅಣ್ಣಾ, ನಿನ್ನೆ ಬಾವುಟ ಏರಿಸಿದ್ರಲ್ಲ! ಬ್ರಿಟಿಷರು ಹೋದ್ರು, ಇನ್ನಾದ್ರೂ ಟಿಕೆಟ್ ಕೊಡಿ."

ಹೇಳಲೇಬೇಕಾಯಿತು. "ಅಕ್ಕಾ, ಸ್ವಾತಂತ್ರ್ಯ ಬಂದಿದ್ದು ಮಾರಿಷಸ್‌ಗೆ. ನಿಮ್ಮ ದ್ವೀಪಗಳನ್ನ ಅವರು ಮೊದಲೇ ಬೇರೆ ಮಾಡಿ ಇಟ್ಕೊಂಡಿದ್ದಾರೆ. ಅಲ್ಲಿಗೆ ಯಾರನ್ನೂ ವಾಪಸ್ ಕಳಿಸಬಾರದು ಅಂತ ಆಜ್ಞೆ."

"ನಮ್ಮನ್ನ ಯಾರು ಕೇಳಿದ್ರು?"

"ಯಾರೂ ಕೇಳಲಿಲ್ಲ."

"ನಿಮ್ಮೋರು ಒಪ್ಕೊಂಡ್ರಾ?"

ಹೌದೆಂದು ತಲೆಯಾಡಿಸಿದೆ. ನಿನ್ನೆ ಆ ಬಾವುಟದಡಿ ನಿಂತು ಸಂತೋಷಕ್ಕೆ ಅತ್ತವನು ನಾನು.

ಅವಳೇ ಕೇಳಿದಳು, "ಹಾಗಾದ್ರೆ ಗಂಡ, ಮಕ್ಕಳನ್ನೇ ಇಲ್ಲಿಗೆ ಕರೆಸ್ಕೊಳ್ಳಲಾ?"

ಅಲ್ಲಿಂದ ಬರುವವರಿಗೆ ಅಡ್ಡಿಯಿಲ್ಲ ಎಂದೆ. ಅವಳ ಪರವಾಗಿ ಗಂಡನಿಗೆ ಕಾಗದವನ್ನೂ ನಾನೇ ಬರೆದೆ. ಅವಳು ನನ್ನ ಕೈಗೆ ಮುತ್ತಿಟ್ಟಳು. ಅವಳು ಹೋದಮೇಲೆ ಹೊಳೆಯಿತು: ಆ ದ್ವೀಪವನ್ನು ಹೀಗೆಯೇ ಖಾಲಿ ಮಾಡಿಸುತ್ತಿದ್ದಾರೆ, ಒಂದೊಂದೇ ಮನೆಯಾಗಿ, ನಮ್ಮಂಥವರ ಕೈಯಲ್ಲಿ.

ಕಾಗದ ನಾಳೆ ಹಡಗು ಹತ್ತುತ್ತದೆ. ತಡೆಯಬಹುದು. ತಡೆದರೆ ಆ ಮಕ್ಕಳು ತಾಯಿಯನ್ನು ಮತ್ತೆ ನೋಡುವುದಿಲ್ಲ.