ಹಾರ ಹಾಕಿದ ಕಂಪ್ಯೂಟರ್

ದಾಂಡೇಲಿ
೨೦ ನವೆಂಬರ್ ೨೦೦೬

ನಮ್ಮ ಇ-ಮೇಲ್ ಬಳಗದಲ್ಲಿ ನೆರೆದಿರುವ ಮಾಸ್ತರರೇ, ಅಕ್ಕೋರುಗಳೇ, ಮಹಾಜನರೇ!

ನನ್ನ ಶಾಲೆಯ ಮಕ್ಕಳು ಕಂಪ್ಯೂಟರಿನಲ್ಲಿ ಕಾಳಿ ನದಿಯ ನಕಾಶೆ ಬಿಡಿಸುತ್ತಾರೆಂದು ಹೋದ ತಿಂಗಳು ಇಲ್ಲಿಯೇ ಗರ್ಜಿಸಿದವನು ನಾನು. ಅದನ್ನು ನೋಡಲೆಂದು ನಾಳೆ ನೀವೆಲ್ಲ ನಮ್ಮ ಶಾಲೆಗೆ ಬರುವ ಜೊಯಿಡಾ ಬಸ್ಸು ಹತ್ತುವವರಿದ್ದೀರಿ.

ಅದು ಸುಳ್ಳು! ಮಕ್ಕಳು ಕಂಪ್ಯೂಟರನ್ನು ಮುಟ್ಟಿಯೇ ಇಲ್ಲ. ಬಂದ ದಿನ ಆರತಿ ಎತ್ತಿ, ಕುಂಕುಮ ಹಚ್ಚಿ, ಹೆಡ್ ಮಾಸ್ತರರ ಕೋಣೆಯಲ್ಲಿಟ್ಟು ಕೀಲಿ ಹಾಕಿದೆವು. ಪ್ರತಿ ಶುಕ್ರವಾರ ಹಾರ ಹಾಕುವವನೂ ನಾನೇ. ಮೌಸ್ ಹಿಡಿಯಲು ನನಗೂ ಬಾರದು. ಈ ಪತ್ರವನ್ನೂ ನಾನು ಹೇಳುತ್ತಿದ್ದೇನೆ, ಸೈಬರ್ ಅಂಗಡಿಯ ಸಾಬೀರ ಭಾಯಿ ಟೈಪ್ ಮಾಡುತ್ತಿದ್ದಾರೆ.

ಇವತ್ತು ಕೀಲಿಕೈ ಕೇಳಿದೆ. "ಕೆಟ್ಟರ ನಿಮ್ಮ ನೌಕರಿಗೆ ಕುತ್ತು ಬರ್ತೈತಿ ನೋಡ್ರಿ, ಮಾಸ್ತರ. ಸಹಿ ಹಾಕಿ ಒಯ್ರಿ" ಎಂದರು ಹೆಡ್ ಮಾಸ್ತರರು. ಸಹಿ ಹಾಕಿ ಕೀಲಿಕೈ ತೆಗೆದುಕೊಂಡೆ.

ಏಳನೆಯ ಇಯತ್ತೆಯ ಮಹೆಜಬೀನ ಬಾಗಿಲಲ್ಲಿ ನಿಂತು ಕೇಳಿದಳು: "ಸರ, ನಾಳೆ ಮಂದಿ ಮುಂದ ನಾವು ಕೈ ಮುಗದು ನಿಂತರ ಸಾಕೇನ್ರೀ?" ಬಯಲಾಟದ ರಾಜಪಾತ್ರದ ಮಾತುಗಳೆಲ್ಲ ಬಾಯಿಪಾಠವಿರುವ ನಾನು ಸೀದಾ ದಾಂಡೇಲಿಗೆ ಬಂದು ಈ ಸೈಬರ್ ಅಂಗಡಿ ಹೊಕ್ಕೆ.

ದಯವಿಟ್ಟು ಬರ್ರಿ. ಬೈಯುವುದಿದ್ದರೆ ನಮಗೆ ಕಲಿಸಿದ ಮೇಲೆ ಬೈಯಿರಿ. ನಾಳೆ ಬೆಳಿಗ್ಗೆ ನನ್ನ ಕೈಯಾರೆ ಹಾರ ತೆಗೆದು, ಕುಂಕುಮ ಒರೆಸಿ, ಮೊದಲ ಗುಂಡಿಯನ್ನು ಮಹೆಜಬೀನಳಿಂದ ಒತ್ತಿಸಿ, ಅವಳ ಪಕ್ಕದಲ್ಲಿ ಕಲಿಯಲು ಕೂಡುತ್ತೇನೆ.

ನಿಮ್ಮವ,
ಕುಬೇರ ಮಾಸ್ತರ