ಸಂಘದಲ್ಲಿ ಎತ್ತಿದ ಕೈ

ನವೆಂಬರ್ ೧೨, ಬುಧವಾರ

ಬಲಭುಜ ಮತ್ತೆ ನೋಯುತ್ತಿದೆ. ನೋಯಲಿ, ತಕ್ಕ ಶಾಸ್ತಿ.

ಸಂಜೆ ನಮ್ಮ ಗುತ್ತಿಗೆದಾರರ ಸಂಘದ ಸಭೆ. ಉಪಗುತ್ತಿಗೆದಾರರಿಗೂ ಮತದ ಹಕ್ಕು ಕೊಡಬೇಕೇ ಎಂಬ ಪ್ರಶ್ನೆ. ಅವರೆಲ್ಲ ಹಿಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಅವರ ನಡುವೆ ಅಕ್ಕನ ಗಂಡ, ಸೆಂಟ್ರಿಂಗ್ ಉಪಗುತ್ತಿಗೆಯ ಭಾವ. ನಾನು ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದು ಭುಜಕ್ಕೆ ಪೆಟ್ಟಾದಾಗಿನಿಂದ ನನ್ನ ಸೈಟನ್ನೂ ಅವರೇ ನೋಡಿಕೊಳ್ಳುತ್ತಿದ್ದಾರೆ. ಬೆಳಿಗ್ಗೆ ಕೂಡ, "ಕೈ ಮೇಲೇಳ್ತಿಲ್ಲ ಭಾವ, ಇವತ್ತಿನ ಸ್ಲ್ಯಾಬ್ ನೀವೇ ಹಾಕಿಸ್ಬಿಡಿ" ಎಂದಿದ್ದೆ.

"ಬೇಡ ಅನ್ನೋರು ಕೈ ಎತ್ರಪ್ಪಾ" ಎಂದರು ಅಧ್ಯಕ್ಷರು. ಮುಂದಿನ ಸಾಲಿನವರೆಲ್ಲ ಎತ್ತಿದರು. ಪಕ್ಕದವನು ನನ್ನತ್ತ ನೋಡಿದ. ಬಲಗೈ ಎತ್ತಿ ನಾನೂ ಹತ್ತರ ಜೊತೆ ಹನ್ನೊಂದನೆಯವನಾದೆ. ಎಡಗೈಯನ್ನಾದರೂ ಎತ್ತಬಾರದಿತ್ತೇ?

ಮೆಟ್ಟಿಲ ಬಳಿ ಭಾವ ಸಿಕ್ಕರು. ಮುಖ ನೋಡಲಾಗದೆ ತಲೆ ತಗ್ಗಿಸಿದೆ. ಅವರ ಪ್ಯಾಂಟಿನ ಅಂಚಿನಲ್ಲಿ ನನ್ನ ಸ್ಲ್ಯಾಬಿನ ಕಾಂಕ್ರೀಟ್ ಒಣಗಿ ಹಿಡಿದಿತ್ತು.

"ಕೈ ಚೆನ್ನಾಗೇ ಮೇಲೆ ಹೋಗುತ್ತಲ್ಲೋ ಈಗ! ನಿಮ್ಮಕ್ಕ ದಿನಾ ಕೇಳ್ತಿರ್ತಾಳೆ. ಹೇಳ್ತೀನಿ, ಸಮಾಧಾನ ಆಗುತ್ತೆ ಅವಳಿಗೆ."

ಚುಚ್ಚಿ ಆಡಿದ್ದರೆ ತಡೆದುಕೊಳ್ಳುತ್ತಿದ್ದೆ. ತಲೆ ಎತ್ತಿ ನೋಡಿದರೆ ಆ ಮನುಷ್ಯ ನಿಜವಾಗಿಯೂ ಖುಷಿಯಾಗಿದ್ದರು.

ಇನ್ನು ಬರೆಯಲಾರೆ. ಅಕ್ಕ ಫೋನ್ ಮಾಡುತ್ತಿದ್ದಾಳೆ.